ಉಗುರಗಲದ ಬಿಲ್ಲೆ

ಕೆದಕಲ್ ಏರಿನಲ್ಲಿ ಬೆಳ್ಯಪ್ಪನವರ ಲಾರಿ ಉಸಿರು ಬಿಟ್ಟಾಗ
ಬೆನ್ನ ಮೇಲೆ ಆರು ಟನ್ ಹಸಿ ಕಾಫಿ ಹಣ್ಣು.
ಕೊಯ್ಲಿನ ಕಾಲ. ಹಣ್ಣು ಹುಳಿಯುತ್ತದೆ, ಕಾಯುವುದಿಲ್ಲ.
ಹಣ್ಣು ಬೇರೆ ಗಾಡಿ ಹತ್ತಿತು.
ಲಾರಿ ಸುಂಟಿಕೊಪ್ಪದ ನಮ್ಮ ಶೆಡ್ಡಿಗೆ ಬಂತು,
ಹಿಂದೆಯೇ ಗುಜರಿಯಿಂದ ಇನ್ನೊಂದು ಇಂಜಿನ್,
ಬೇರೆ ಕಂಪನಿಯದು, ಕಲ್ಲುಕೋರೆಯಲ್ಲಿ ದುಡಿದದ್ದು.

ಸರಪಳಿಯಲ್ಲಿ ತೂಗುತ್ತಿದ್ದ ಅದರ ಸುತ್ತ
ಮೊಯ್ದು ಕಾಕ ಎತ್ತು ಕೊಳ್ಳುವವನ ಹಾಗೆ ನಡೆದ,
ಹಲ್ಲು ಎಣಿಸಿದ,
ಫ್ಲೈವೀಲಿನ ಹಲ್ಲು.

"ನನ್ನ ಹಳೇ ಚಕ್ರವೇ ಹಾಕು ಮಾರಾಯ, ಗಟ್ಟಿಯಿದೆ."
ಬೆಳ್ಯಪ್ಪ ಎರಡನ್ನೂ ಕಾಫಿ ತೂಗುವ ತಕ್ಕಡಿಗೆ ಏರಿಸಿದರು.
ಮೂವತ್ತೊಂದೂವರೆ. ಮೂವತ್ತೊಂದೂವರೆ.
ಕಾಕ ಬೀಡಿ ಆರಿಸಿದ.
"ಎಷ್ಟು ಅಂತ ತಕ್ಕಡಿಗೆ ಗೊತ್ತು.
ಎಲ್ಲಿ ಅಂತ ಗೊತ್ತಿಲ್ಲ."
ಮಗುಚಿ ತೋರಿಸಿದ: ಹಳೆಯದರ ಬೆನ್ನು ಸಪಾಟು,
ಹೊಸದರ ಅಂಚಿಗೆ ಬೇಕಂತಲೇ ಬಿಟ್ಟ ದಪ್ಪ ತುಟಿ.
"ಈ ಇಂಜಿನ್ ಒಳಗಿನ ಸಾಲವನ್ನ ಚಕ್ರದಲ್ಲಿ ಕಟ್ಟುತ್ತೆ.
ಚಕ್ರ ಬದಲಿಸಿದರೆ ಕ್ರ್ಯಾಂಕ್ ಕಟ್ಟಬೇಕು,
ಮುರಿದು."

ನನಗಾಗ ಹದಿನೇಳು. ನನ್ನ ಪಾಲಿಗೆ ಬಂದದ್ದು ಶಾಫ್ಟ್.
ಗೇರ್‌ಬಾಕ್ಸ್ ನಾಲ್ಕು ಬೆರಳು ಹಿಂದೆ ಸರಿದಿತ್ತು,
ಕುಶಾಲನಗರದ ಲೇತಿನವರು ಅಷ್ಟನ್ನು ಕಡಿದು, ಬೆಸೆದು,
ಸಮ ನೋಡಿ ಕಳಿಸಿದ್ದರು.
ನಾನು ಉಜ್ಜಿದೆ. ತುಕ್ಕು ಹೋಯಿತು, ಹಳೇ ಬಣ್ಣ ಹೋಯಿತು,
ಮಧ್ಯೆ ಒಂದು ಕಡೆ ಉಗುರಗಲದ ಉಕ್ಕಿನ ಬಿಲ್ಲೆ
ಬೆಸುಗೆಯ ಕಸದಂತೆ ಅಂಟಿಕೊಂಡಿತ್ತು;
ಉಳಿ ಹಿಡಿದು ಒಂದೇ ಏಟು.
ಕಲಾಯಿ ಪಾತ್ರೆಯಂಥ ಆ ಹೊಳಪಿಗೆ ಮೆಚ್ಚಿ
ಬೆಳ್ಯಪ್ಪ ಹತ್ತು ರೂಪಾಯಿ ಕೊಟ್ಟರು.

ಕವಲಿಗೆ ಕವಲು ಸಾಲು ನೋಡಿ, ಬಾಣಕ್ಕೆ ಬಾಣ ಕೂಡಿಸಿ ಬಿಗಿದೆವು.
ಸೆಲ್ಫ್ ಹೊಡೆದರೆ ಎದ್ದಿತು ಇಂಜಿನ್.
ಟ್ಯಾಪೆಟ್ ಮುಚ್ಚಳದ ಮೇಲೆ ಕಾಕ ಇಟ್ಟ ಮೆಣಸಿನ ಕಾಳು
ಕುಣಿಯಿತು, ಉರುಳಲಿಲ್ಲ.

ಆನೆಕಾಡಿನ ನೇರ ರಸ್ತೆ. ನಲವತ್ತು, ಮೌನ.
ನಲವತ್ತೈದು,
ಕನ್ನಡಿಯೊಳಗಿನ ತೇಗದ ಮರ ಎರಡಾಯಿತು.
ಐವತ್ತಕ್ಕೆ ಗೇರಿನ ಗುಂಡು ಅಂಗೈಯಲ್ಲಿ ಕಣಜ.
ಕಾಕ ಕ್ಲಚ್ ತುಳಿದ. ಹೋಗಲಿಲ್ಲ.
ನ್ಯೂಟ್ರಲ್ಲಿಗೆ ತಂದು ಉರುಳಲು ಬಿಟ್ಟ. ಹೋಗಲಿಲ್ಲ.
"ಇಂಜಿನ್ ಪಾಪ, ನಿರಪರಾಧಿ," ಎಂದು
ಗಾಡಿ ತಿರುಗಿಸಿದ.

ಶೆಡ್ಡಿನಲ್ಲಿ ಅಡಿಗೆ ಮಲಗಿ, ಶಾಫ್ಟಿನುದ್ದಕ್ಕೂ
ಕರುವಿನ ಮೈ ಸವರುವಂತೆ ಸವರಿದ. ಬೆರಳು ನಿಂತಿತು.
"ಇಲ್ಲಿ ಏನಿತ್ತು?"
ಹೇಳಿದೆ.
"ಎಲ್ಲಿ ಬಿತ್ತು?"
ಅರದ ಪುಡಿ, ಬೋಲ್ಟಿನ ತುಂಡು, ಮಣ್ಣು, ಎಣ್ಣೆ.
ಟಾರ್ಚ್ ಹಿಡಿದು ಕೆದಕಿದೆ. ಸಿಗಲಿಲ್ಲ.
ಸ್ಪ್ಯಾನರ್ ಅವನ ಕೈಗೆಟುಕುವಲ್ಲೇ ಇತ್ತು.
"ಹೋಗು, ಎರಡು ಹೋಸ್ ಕ್ಲಿಪ್ ತಾ."
ಆ ಹತ್ತು ರೂಪಾಯಿ ಅಲ್ಲೇ ಮುಗಿಯಿತು.

ಮತ್ತೆ ಆನೆಕಾಡು. ಆನೆ ದಾಟುವ ಜಾಗ,
ನಿಲ್ಲಿಸಬೇಡಿ ಎಂಬ ಬೋರ್ಡಿನ ಬುಡದಲ್ಲೇ ನಿಲ್ಲಿಸಿದೆವು.
ಕ್ಲಿಪ್ಪುಗಳ ತಿರುಪಿನ ತಲೆಯೇ ಈಗ ತೂಕ.
ಬಿಗಿ, ಓಡಿಸು, ನಿಲ್ಲಿಸು, ಅಡಿಗೆ ನುಗ್ಗು,
ಎರಡು ಬೆರಳು ಸರಿಸು, ಸುಣ್ಣದ ಗೀಟು ಹಾಕು.
ಮೂರನೇ ಸಲ ಇನ್ನೂ ಕೆಟ್ಟಿತು. ಕಾಕ ಹಿಗ್ಗಿದ:
"ಕೆಟ್ಟ ಕಡೆ ಗೊತ್ತಾಯಿತು, ಇನ್ನು ಅದರ ಎದುರು ಕಡೆ."
ನಾನು ಟಾರ್ಚ್ ಹಿಡಿದಿದ್ದೆ, ಕಿವಿ ಬಿದಿರಿನ ಕಡೆಗಿತ್ತು.
ಏನೋ ಒಂದು ಲಟಕ್ಕೆಂದಿತು.
ಕಾಕ ಅಡಿಯಿಂದಲೇ, "ಬೆಳಕು ಅಲ್ಲಾಡಿಸಬೇಡ."

ಏಳನೇ ಸಲಕ್ಕೆ ಐವತ್ತು ದಾಟಿ ಅರವತ್ತು.
ಕನ್ನಡಿಯಲ್ಲಿ ಒಂದೇ ಮರ. ಅದರ ಹಿಂದೆ ಇನ್ನೊಂದು,
ಆದರೆ ಅದು ನಿಜವಾಗಿ ಇನ್ನೊಂದೇ.

ಬೆಳಗ್ಗೆ ಲೇತಿನವರು ಅದೇ ಗೀಟಿನ ಮೇಲೆ
ಹೊಸ ಬಿಲ್ಲೆ ಬೆಸೆದರು. ಲಾರಿ ಹೋಯಿತು.

ಆ ಶೆಡ್ಡಿನ ನೆಲಕ್ಕೆ ಸಿಮೆಂಟ್ ಹಾಕಿಸಲು
ಮೊನ್ನೆ ಅಗೆಸಿದಾಗ ಒಂದು ಬುಟ್ಟಿ ಕಬ್ಬಿಣ ಸಿಕ್ಕಿತು.
ಅದರಲ್ಲಿ ಒಂದನ್ನು ಜೇಬಿನಲ್ಲಿಟ್ಟುಕೊಂಡಿದ್ದೇನೆ.
ಅದೇ ಎಂದು ಹೇಳಲಾರೆ.
ಉಗುರಗಲ ಇದೆ.